ಮುಂಗೈ ಮೇಲೆ ಬರೆದ ನರ್ಸ್

ಮುಂಬೈನ ಕಾಂದಿವಲಿಯ ಮೈದಾನದಲ್ಲಿ ನಡೆಯುವ ಡಿಜೆ ಉತ್ಸವದಲ್ಲಿ ನಾನು ನೀರಿನ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಪಕ್ಕದ ಪ್ರಥಮ ಚಿಕಿತ್ಸೆಯ ಟೆಂಟಿನಲ್ಲಿ ವಿಜಯಪುರ ಕಡೆಯ ನರ್ಸ್ ಒಬ್ಬರಿದ್ದರು. ಕುಸಿದು ಬಿದ್ದವರ ಪಕ್ಕ ನೆಲದಲ್ಲೇ ಕೂತು, "ನಾ ಪೊಲೀಸ್ ಅಲ್ಲವ್ವಾ, ಏನ್ ತಗೊಂಡಿ ಹೇಳು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹುಡುಗಿಯೊಬ್ಬಳನ್ನು ಗೆಳತಿ ಎಳೆದು ತಂದಳು. ಮೈ ಕೆಂಡದಂತೆ ಸುಡುತ್ತಿತ್ತು, ಹಲ್ಲು ಕಚ್ಚಿಕೊಂಡಿತ್ತು. "ಕುಛ್ ನಹೀ ಲಿಯಾ, ಆಂಟಿ" ಎಂದು, ಏನೂ ತಗೊಂಡಿಲ್ಲವೆಂದ ಗೆಳತಿ, ನರ್ಸ್ ಮೆಲ್ಲಗೆ ಮತ್ತೆ ಕೇಳಿದಾಗ, "ದೋ ಗೋಲಿ... ಎಕ್ಸ್ಟಸಿ" ಎಂದು, ಹುಡುಗಿ ಎರಡು ನಶೆಯ ಗುಳಿಗೆ ನುಂಗಿದ್ದನ್ನು ಒಪ್ಪಿಕೊಂಡು ಅತ್ತಳು.

ಆಂಬುಲೆನ್ಸ್ ಜೊತೆಗೇ ಉತ್ಸವದ ಮ್ಯಾನೇಜರನೂ ಓಡಿಬಂದ. ಉಡುಪಿ ಕಡೆಯವನು.

"ಸಿಸ್ಟರ್, ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಬಿಸಿಲಿನ ಝಳ ಅಂತ ಬರೀರಿ ಮಾರಾಯ್ರೆ. ಇಲ್ಲಾಂದ್ರೆ ಮುಂದಿನ ವರ್ಷ ಪರ್ಮಿಷನ್ ಸಿಗುದಿಲ್ಲ."

"ಡಾಕ್ಟರಿಗೆ ಖರೇ ಗೊತ್ತಾಗಲಿಲ್ಲಂದ್ರ ಈಕಿ ಉಳೀತಾಳೇನ್ರಿ?"

ಆತ ಚೀಟಿ ಕಸಿದು ಹರಿದ. ನರ್ಸ್ ಹುಡುಗಿಯ ಮುಂಗೈ ಮೇಲೆ ಗುಳಿಗೆಯ ಹೆಸರು, ನುಂಗಿದ ಹೊತ್ತು, ಎರಡನ್ನೂ ಪೆನ್ನಿನಿಂದ ಬರೆದರು. ವೇದಿಕೆಯಿಂದ ಯಾರೋ ಎಲ್ಲರಿಗೂ ಕೈ ಎತ್ತಿ ಕುಣಿಯಲು ಹೇಳುತ್ತಿದ್ದ.

ಮ್ಯಾನೇಜರ್ ನನ್ನ ಕೌಂಟರಿನ ನೀರಿನಲ್ಲೇ ಕರವಸ್ತ್ರ ಅದ್ದಿಕೊಂಡು, ಹುಡುಗಿಯನ್ನು ಮಲಗಿಸಿದ್ದ ಆಂಬುಲೆನ್ಸ್ ಹತ್ತಿದ. ಉಸಿರಿಗಾಗಿ ಒದ್ದಾಡುತ್ತಿದ್ದವಳ ಕೈ ಮೇಲಿನ ಬರಹ ಒರೆಸಲು! ನರ್ಸ್ ಹಿಂದೆಯೇ ಹತ್ತಿದರು. ಬಾಗಿಲು ಮುಚ್ಚುವಾಗ ನಾನು ಕಂಡದ್ದು ಇಷ್ಟು: ಆ ಮುಂಗೈಯನ್ನು ತಮ್ಮ ಸೆರಗಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿದ್ದರು.