ಗೋಡೆಯ ಹಿಂದೆ ಮೊದಲು ನೋಡುವ ಪಕೀರಪ್ಪ

ವೈಶಾಖದ ಬೆಳಗು. ಮಸ್ಕಿಯಲ್ಲಿ ಇನ್ನೂ ಐದೂವರೆ. ನಳಕ್ಕೆ ನೀರು ಬಂದಿದೆ, ಏಳಕ್ಕೆಲ್ಲ ನಿಂತುಹೋಗುತ್ತದೆ. ಲಿಂಗಸುಗೂರು ರಸ್ತೆಯ ತಗಡಿನ ಶೆಡ್ಡಿನ ಮುಂದೆ ಪಕೀರಪ್ಪ ಲುಂಗಿ ಎತ್ತಿಕಟ್ಟಿ, ಹಳೆಯ ಕಿಟಕಿ ಎ.ಸಿ.ಯೊಂದನ್ನು ಬಂಡೆಯ ಮೇಲೆ ಕೂರಿಸಿ ಪೈಪು ಹಿಡಿದಿದ್ದಾರೆ. ಅದರ ಬೆನ್ನಿನ ಜಾಲರಿಯಿಂದ ಮೊದಲು ಕಪ್ಪು ನೀರು, ಆಮೇಲೆ ಕಂದು ನೀರು ಇಳಿಯುತ್ತದೆ.

“ಹೊಲಸು ನೋಡಿದ್ರ ಸಾಕ್ರಿ, ಯಾವೂರ ಮಿಷಿನ್ ಅಂತ ಹೇಳ್ತೀನಿ. ತೌಡು ಬಂತಂದ್ರ ಸಿಂಧನೂರ ರೈಸ್‌ಮಿಲ್ಲಿಂದು. ಹತ್ತಿ ಎಳಿ ಬಂತಂದ್ರ ನಮ್ ಮಸ್ಕಿದು. ಲಿಂಗಸುಗೂರಿಂದು ಬರೇ ಕೆಂಪುಮಣ್ಣು” ಎಂದು ನಗುತ್ತಾರೆ.

ತೊಳೆದಾದ ಮೇಲೆ ಮಡಚಿಹೋದ ಜಾಲರಿಯ ಎಳೆಗಳನ್ನು ಹಣಿಗೆಯಿಂದ ಬಾಚಿ ನೆಟ್ಟಗೆ ಮಾಡುತ್ತಾರೆ. ತಲೆ ಬಾಚುವ ಹಣಿಗೆಯೇ. “ನಾ ಹೊಸಾದು ತರೂದು, ಇವರು ಮಿಷಿನ್ ತಲಿ ಬಾಚೂದು. ನನ್ನ ತಲಿ ಮಾತ್ರ ಹಂಗೇ” ಎಂದು ಹೆಂಡತಿ ಪಾರ್ವತೆಮ್ಮ ಚಹಾ ಇಟ್ಟು ಹೋಗುತ್ತಾರೆ.

ಇವತ್ತಿನ ಈ ಮಿಷಿನ್ನು ಮಾರಾಟದ್ದಲ್ಲ. ಮಧ್ಯಾಹ್ನದ ಬಿಸಿಲೇರುವುದರೊಳಗೆ ಸಿಂಧನೂರು ಮುಟ್ಟಬೇಕು, ಪಕೀರಪ್ಪನವರಿಗೆ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದ ಉಸ್ತಾದ ದಾವಲ್‌ಸಾಬರ ಮನೆಗೆ. ಉಸ್ತಾದರಿಗೀಗ ಎಪ್ಪತ್ತೆಂಟು, ದಮ್ಮಿನ ಕಾಯಿಲೆ. ಈ ಬಿಸಿಲು ದಾಟಿಸುವುದು ಕಷ್ಟ, ಮಧ್ಯಾಹ್ನದ ಹೊತ್ತಾದರೂ ತಂಪಿನಲ್ಲಿಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಪಕೀರಪ್ಪ ಒಯ್ದ ಮಿಷಿನ್ನನ್ನು ಉಸ್ತಾದರು ಎರಡು ಸಲ ತಿರುಗಿ ಕಳಿಸಿದ್ದಾರೆ.

ಪಕೀರಪ್ಪನವರಿಗೆ ಐವತ್ನಾಲ್ಕು. ಹತ್ತೊಂಬತ್ತನೇ ವಯಸ್ಸಿಗೆ ಸಿಂಧನೂರಿನಲ್ಲಿ ಹಮಾಲಿ ಮಾಡುತ್ತಿದ್ದವರು, ಒಂದು ಎ.ಸಿ. ಹೊತ್ತು ದಾವಲ್‌ಸಾಬರ ರಿಪೇರಿ ಅಂಗಡಿಗೆ ಬಂದರು. “ಅವಾಗ ನಮ್ಮಂಥವರನ್ನ ಒಳಗ ಕರಿಯೋರು ಕಡಿಮಿ ಇದ್ರು. ಬಾಗಲದಾಗ ಇಳಿಸಿ ಹೊಂಟಿದ್ದೆ. ಒಳಗ ತಗೊಂಡು ಬಾರಲೇ, ಮಿಷಿನ್ ಹೊಟ್ಟಿಯಾಗ ಏನೈತಿ ನೋಡಿ ಹೋಗು ಅಂದ್ರು ಉಸ್ತಾದರು. ಅವತ್ತು ಅವರ ಡಬ್ಬ್ಯಾಗಿನ ರೊಟ್ಟಿ ಇಬ್ರೂ ಉಂಡ್ವಿ. ಆಮ್ಯಾಲ ಹನ್ನೊಂದು ವರ್ಷ ಅಲ್ಲೇ ಇದ್ದೆ.”

ಈಗ ಸ್ಪ್ಲಿಟ್ ಎ.ಸಿ.ಗಳ ಕಾಲ. ಕಿಟಕಿಯವು ಗುಜರಿಗೆ ಬೀಳುತ್ತವೆ. ಗುಜರಿಯವರಿಗೆ ಬೇಕಾದದ್ದು ಹೊಟ್ಟೆಯೊಳಗಿನ ತಾಮ್ರ ಮಾತ್ರ. ಅದನ್ನು ಕತ್ತರಿಸುವುದರೊಳಗೆ ಪಕೀರಪ್ಪ ಹೋಗಿ ನಿಲ್ಲುತ್ತಾರೆ. ಶೆಡ್ಡಿನಲ್ಲೀಗ ಮೂವತ್ತೊಂದು ಮಿಷಿನ್ನುಗಳಿವೆ. ಕಟ್ಟಿಗೆಯ ಮುಖದ ಒಂದಕ್ಕೆ ಅವರಷ್ಟೇ ವಯಸ್ಸು. ಬೇಸಿಗೆಯಲ್ಲಿ ದಿನಕ್ಕೆ ಎರಡು ರಿಪೇರಿ, ಮಳೆ ಹಿಡಿದರೆ ವಾರಕ್ಕೊಂದು. ಗ್ಯಾಸು ತುಂಬಿ, ಸಾಬೂನಿನ ನೊರೆ ಹಚ್ಚಿ, ಎಲ್ಲೂ ಗುಳ್ಳೆ ಏಳುವುದಿಲ್ಲವೆಂದು ಮೂರು ದಿನ ನೋಡದೆ ಯಾರಿಗೂ ಕೊಡುವುದಿಲ್ಲ. ಐವತ್ತು ಕಿಲೋ ಹೊತ್ತು ಹೊತ್ತು ಎಡಭುಜ ಇಳಿದಿದೆ.

ಇನ್ನೊಂದು ಪದ್ಧತಿಯಿದೆ. ಯಾರ ಮನೆಗೆ ಹೋದರೂ ಪಕೀರಪ್ಪ ಮೊದಲು ಕೋಣೆ ನೋಡುವುದಿಲ್ಲ. ಸುತ್ತು ಹಾಕಿ ಗೋಡೆಯ ಹಿಂದೆ ಹೋಗಿ ನಿಲ್ಲುತ್ತಾರೆ.

ಅದು ಕಲಿತದ್ದು ಲಿಂಗಸುಗೂರಿನಲ್ಲಿ. ಒಬ್ಬರೇ ಹೋಗಿ ಕೂರಿಸಿದ ಮೊದಲ ಎ.ಸಿ., ಒಬ್ಬ ಬಟ್ಟೆ ವ್ಯಾಪಾರಿಯದು. ಅಂಗಡಿ ತಣ್ಣಗಾಯಿತು, ಶೆಟ್ಟರು ಶಾಭಾಸ್ ಅಂದರು. ಮರುದಿನ ನೋಡಲು ಬಂದ ಉಸ್ತಾದರು ಹಿಂದಿನ ಸಂದಿಗೆ ಹೋದರು. ಆ ಗೋಡೆಯ ನೆರಳಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದವನು ಎ.ಸಿ.ಯ ಬೆನ್ನಿನ ಬಿಸಿಗಾಳಿ ತಾಳದೆ, ಯಾರಿಗೂ ಏನೂ ಅನ್ನದೆ, ಎದ್ದು ಬಿಸಿಲಿಗೆ ಕೂತಿದ್ದ.

“ಪಕೀರ್ಯಾ, ಶೆಟ್ಟಿಗೆ ತಂಪು ಕೊಟ್ಟಿ, ಇವನ ನೆರಳು ಕಸಗೊಂಡೀಯಲ್ಲಲೇ ಅಂದ್ರು. ಅವತ್ತೇ ಬಿಚ್ಚಿಸಿ ಬ್ಯಾರೆ ಗ್ವಾಡಿಗೆ ಹಾಕಿಸಿದ್ರು.”

ಈಗ ಅದೇ ಮಾತು ಉಸ್ತಾದರ ಮನೆಗೇ ಅಡ್ಡ ನಿಂತಿದೆ. ಬಂಡೆ ಹೊದಿಸಿದ ಅವರ ಕೋಣೆಗೆ ಇರುವುದೊಂದೇ ಕಿಟಕಿ. ಅದರಾಚೆ ಮೂರು ಮೊಳದ ಓಣಿ, ಓಣಿಯಾಚೆ ಸುಭಾನಬಿಯ ಬಾಗಿಲು. ಆಕೆ ದಿನವೆಲ್ಲ ಹೊಸ್ತಿಲಲ್ಲಿ ಕೂತು ಹಳೆ ಅರಿವೆಯ ಕೌದಿ ಹೊಲಿಯುತ್ತಾರೆ. ಆಕಿ ಮುಖಕ್ಕ ಬಿಸಿಗಾಳಿ ಊದಿ ನಾ ತಣ್ಣಗ ಮಲಗಂಗಿಲ್ಲ ಎಂಬುದು ಉಸ್ತಾದರ ಹಟ.

“ನಲವತ್ತು ವರ್ಷ ನಿನ್ನ ಬೀಡಿ ಹೊಗಿ ತಡಕೊಂಡೀನಿ ಭಾಯಿ, ಗಾಳಿಗೆ ಹೆದರ್ತೀನೇನು?” ಎಂದು ಸುಭಾನಬಿ ಹಂಗಿಸಿದರೂ ಬಗ್ಗಲಿಲ್ಲ.

ಹೀಗಾಗಿ ಈ ಸಲ ಪಕೀರಪ್ಪ ಮುಕ್ಕಾಲು ಟನ್ನಿನ ಸಣ್ಣ ಮಿಷಿನ್ನು ಆರಿಸಿ, ಮೂರು ದಿನ ನೊರೆ ಹಚ್ಚಿ ನೋಡಿದ್ದಾರೆ. ಅದರ ಬೆನ್ನಿಗೆ ತಗಡು ಬಗ್ಗಿಸಿ ಒಂದು ಕೊಳವೆ ಮಾಡಿದ್ದಾರೆ. ಬಿಸಿಗಾಳಿ ಓಣಿಗೆ ಬೀಳದೆ ಮಾಳಿಗೆಗಿಂತ ಮೇಲೆ ಹೋಗಬೇಕು. ಹನ್ನೊಂದಕ್ಕೆ ಟಂಟಂ ಗಾಡಿಯಲ್ಲಿ ಸಿಂಧನೂರು ಮುಟ್ಟಿ, ಕಿಟಕಿಗೆ ಕೂರಿಸಿ, ಸ್ವಿಚ್ಚು ಹಾಕುತ್ತಾರೆ. ಉಸ್ತಾದರು ಒಳಗಿನ ತಂಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಗೋಡೆ ಹಿಡಿದು, ಎರಡು ಕಡೆ ನಿಂತು ಉಸಿರು ಎಳೆದುಕೊಂಡು, ಓಣಿ ದಾಟಿ ಸುಭಾನಬಿಯ ಹೊಸ್ತಿಲಲ್ಲಿ ಕೂರುತ್ತಾರೆ. ಅಂಗೈ ಚಾಚಿ ಹಿಡಿಯುತ್ತಾರೆ. ಪಕೀರಪ್ಪ ಪರೀಕ್ಷೆಗೆ ನಿಂತವರಂತೆ ಕೈಕಟ್ಟಿ ನಿಲ್ಲುತ್ತಾರೆ.

“ಇಲ್ಲಿ ಗಾಳಿ ಬರವಲ್ದು. ಖರೇ,” ಎನ್ನುತ್ತಾರೆ ಉಸ್ತಾದರು. ಕತ್ತೆತ್ತಿ ಕೊಳವೆ ನೋಡಿ, “ಆದ್ರ ಕೊಳವಿ ಬಾಯಿ ಸಣ್ಣದಾತು. ನಾಕ್ ಬಟ್ಟು ಅಗಲ ಮಾಡಲೇ. ಇಲ್ಲಾಂದ್ರ ಮಿಷಿನ್ನಿಗೂ ನನ್ನಂಗ ದಮ್ಮು ಬರ್ತೈತಿ.”

ಪಕೀರಪ್ಪ ಏಣಿ ಹತ್ತಿ ತಗಡು ಕತ್ತರಿಸುತ್ತಾರೆ. ಉಸ್ತಾದರು ಇನ್ನೊಮ್ಮೆ ಅಂಗೈ ಚಾಚಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಒಳಗೆ ಬರುತ್ತಾರೆ.

“ಕುಂದ್ರು. ಪುಗಸಟ್ಟಿ ನಾ ತಗೊಳ್ಳಾಂಗಿಲ್ಲ. ಇದರ ಹಿಸಾಬ್ ಮಾಡೇ ಹೋಗಬೇಕು ನೀ.”

“ಆತ್ರೀ ಉಸ್ತಾದ. ಮೊದ್ಲು ಜರಾ ಅಡ್ಡಾಗ್ರಿ.”

ಉಸ್ತಾದರು ಅಡ್ಡಾಗುತ್ತಾರೆ. ಹೊರಗೆ ನಲವತ್ಮೂರು ಡಿಗ್ರಿ. ಕಾಲು ತಾಸಿನಲ್ಲಿ ಅವರ ಎದೆಯ ಏರಿಳಿತ ನಿಧಾನಕ್ಕೆ ಸಮವಾಗುತ್ತದೆ, ಬಾಯಿ ತುಸು ತೆರೆದುಕೊಳ್ಳುತ್ತದೆ. ಹದಿನೈದು ದಿನದಲ್ಲಿ ಮಧ್ಯಾಹ್ನ ಅವರಿಗೆ ಹತ್ತಿದ ಮೊದಲ ನಿದ್ದೆ ಇದು. ಪಕೀರಪ್ಪ ಇನ್ನಷ್ಟು ಹೊತ್ತು ಕೂತು ನೋಡುತ್ತಾರೆ. ಆಮೇಲೆ ಪಾನಾಗಳನ್ನು ಸದ್ದಾಗದಂತೆ ಒಂದೊಂದೇ ಅರಿವೆಯಲ್ಲಿ ಸುತ್ತಿಕೊಂಡು, ಬಾಗಿಲು ಮುಂದೆ ಮಾಡಿ ಓಣಿಗೆ ಬರುತ್ತಾರೆ.

“ಹಿಸಾಬ್ ಮುಗೀತೇನಪಾ?” ಸುಭಾನಬಿ ಸೂಜಿ ನಿಲ್ಲಿಸಿ ಕೇಳುತ್ತಾರೆ.

“ಇಲ್ಲ ಚಾಚಿ. ಮಲಗ್ಯಾರ.”

“ಹಂಗ ಹೊಂಟಿದ್ದಕ್ಕ ಎದ್ದಮ್ಯಾಲ ಬೈತಾನ ನೋಡು.”

“ಬೈಲಿ ಬಿಡು. ಬೈಯಾಕ ಉಸಿರು ಬೇಕಲ್ಲ ಚಾಚಿ, ಅದೊಂದು ಇರ್ಲಿ ಅವರಿಗೆ.”