ನಮ್ಮ ಪಾಲಿನ ಕಾಂಕ್ರೀಟು

ಊರಿನ ಹೆಸರು ಬರೆಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರರಲ್ಲಿ ಯಾವುದೆಂದು ಬೇಕಾದರೂ ಓದಿಕೊಳ್ಳಿ. ಹೆಸರು ಬರೆದರೆ ಇನ್ನೊಂದು ನೋಟಿಸು ಬರುತ್ತದೆ, ಅದನ್ನು ಓದುವ ತಾಳ್ಮೆ ನನಗೆ ಉಳಿದಿಲ್ಲ.

ನಮ್ಮ ಓಣಿ ಮುಖ್ಯ ರಸ್ತೆಯಿಂದ ಕೆಳಕ್ಕೆ ಇಳಿಯುತ್ತದೆ. ಅರ್ಧ ಇಳಿದ ಮೇಲೆ ಒಂದು ತಿರುವು. ಆ ತಿರುವಿನ ಮೂಲೆಮನೆ ನಮ್ಮದು. ಮುಂದಿನ ಕೋಣೆಯಲ್ಲಿ ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರು. ಅಂಕೋಲೆಗೆ ಹೋಗಿ ಬರುವ ಬಸ್ಸು. "ಅರಬೈಲ್ ಘಾಟಿನ್ಯಾಗ ಎದುರಿಗೆ ಲಾರಿ ಬಂದ್ರೂ ನನ್ನ ಕೈ ನಡುಗೂದಿಲ್ಲ, ನಮ್ಮ ಓಣಿಯೊಳಗ ಸ್ಕೂಟರ್ ಇಳಿಸೂವಾಗ ನಡುಗ್ತಾವ" ಎಂದು ಅವರು ಹೇಳುತ್ತಿದ್ದರು. ತಮಾಷೆಗೆ ಹೇಳಿದ್ದಲ್ಲ. ಮಳೆಗಾಲದಲ್ಲಿ ಕೆಸರು ಮೊಣಕಾಲಿನ ತನಕ. ಬೇಸಿಗೆಯಲ್ಲಿ ಒಂದು ಆಟೋ ಹೋದರೆ ಸಾಕು, ಕೆಂಪು ಧೂಳು ಎದ್ದು ನೇರ ಗಿರಣಿಯೊಳಗೆ. ಬೀಸಿದ ಜೋಳದ ಹಿಟ್ಟು ಬುಟ್ಟಿಯಲ್ಲಿ ತೆರೆದಿರುತ್ತದೆ. ಬಾಗಿಲು ಹಾಕಿಕೊಂಡರೆ ಒಳಗೆ ಉಸಿರು ಕಟ್ಟುತ್ತದೆ, ತೆರೆದರೆ ಹಿಟ್ಟಿನ ಬಣ್ಣ ಕೆಡುತ್ತದೆ. "ರೊಟ್ಟಿಯಲ್ಲಿ ಕರ ಕರ ಅನ್ನುತ್ತದಲ್ಲ" ಎಂದು ಗಿರಾಕಿಗಳು ಹೇಳಿದಾಗೆಲ್ಲ ನಾನು ತಲೆ ತಗ್ಗಿಸಬೇಕಿತ್ತು. ಬನವಾಸಿ ಕಡೆಯ ನನ್ನ ತವರಿನಲ್ಲಿ ರೊಟ್ಟಿಯಲ್ಲಿ ಮಣ್ಣು ಸಿಕ್ಕರೆ ಬಡಿಸಿದವಳ ಮುಖ ನೋಡುತ್ತಾರೆ. ಆ ನೋಟ ನನಗೆ ಗೊತ್ತು.

ಆದ್ದರಿಂದ ಓಣಿಗೆ ಕಾಂಕ್ರೀಟ್ ರಸ್ತೆ ಬರುತ್ತದೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ನನಗೇ ಇರಬೇಕು.

ಸಭೆ ನಡೆದದ್ದು ಓಣಿಯ ಮೇಲಿನ ತುದಿಯ ಮನೆಯ ಜಗಲಿಯಲ್ಲಿ. ಆ ಮನೆಯವರು ಸಿದ್ದಾಪುರದ ಮನ್ಮನೆ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಈಗಲೂ ಓಣಿಯೆಲ್ಲ ಅವರನ್ನು ಮ್ಯಾನೇಜರ್ರು ಎಂದೇ ಕರೆಯುತ್ತದೆ. ವಾರ್ಡಿನ ಸದಸ್ಯರು ಬಂದರು, ಮುನ್ಸಿಪಾಲ್ಟಿಯ ಇಂಜಿನಿಯರು ಬಂದರು. ಮ್ಯಾನೇಜರ್ರ ಹೆಂಡತಿ ಎಲ್ಲರಿಗೂ ಕೋಕಂ ಪಾನಕ ಕೊಟ್ಟರು.

ಇಂಜಿನಿಯರು ಹೇಳಿದರು: "ನಿಮ್ಮ ಬಡಾವಣೆಗೆ ಪೂರ್ತಿ ಹಣ ಹಾಕೋಕೆ ನಮಗೆ ಅವಕಾಶ ಇಲ್ಲ. ಅರ್ಧ ಮುನ್ಸಿಪಾಲ್ಟಿ, ಅರ್ಧ ಮನೆಯವರು. ಯಾರ ಮನೆ ಮುಂದೆ ರಸ್ತೆ ಎಷ್ಟು ಉದ್ದವೋ ಅಷ್ಟು ಪಾಲು. ಗಟಾರ ಮಾತ್ರ ಪೂರ್ತಿ ನಮ್ಮದು, ಅದಕ್ಕೆ ನೀವು ಏನೂ ಕೊಡಬೇಕಾಗಿಲ್ಲ."

ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬಳು ಎದ್ದು ನಿಂತಳು. ಓಣಿಯ ಕೆಳತುದಿಯ ಮನೆಯವಳು. ಅಂಕೋಲೆ ಕಡೆಯ ಹೆಣ್ಣು, ಮನೆಮಾತು ಕೊಂಕಣಿ. ಅವಳೂ ಗಂಡನೂ ಸೇರಿ ಮನೆಯಲ್ಲೇ ಅಡುಗೆ ಮಾಡಿ ಪೇಟೆಯ ಅಂಗಡಿ, ಕಚೇರಿಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಾರೆ.

"ಖಾತೆ ಮಾಡಿಸುವಾಗ ರಸ್ತೆ, ಗಟಾರ, ಬೀದಿದೀಪ ಹೇಳಿ ಅಭಿವೃದ್ಧಿ ಶುಲ್ಕ ತಗೊಂಡ್ರಿ ಅಲ್ಲ? ಇಲ್ಲಿ ಕೂತವರೆಲ್ಲ ಕೊಟ್ಟಿದ್ದಾರೆ. ಒಂದೇ ರಸ್ತೆಗೆ ಎರಡು ಸಲ ಎಂತಕ್ಕೆ ಕೊಡೂದು?" ಎಂದಳು.

"ಆ ಶುಲ್ಕ ಬೇರೆ ಲೆಕ್ಕ ಅಮ್ಮಾ."

"ಬೇರೆ ಲೆಕ್ಕ ಆದ್ರೆ ಆ ಲೆಕ್ಕದ ರಸ್ತೆ ಎಲ್ಲುಂಟು ತೋರಿಸಿ."

ಸದಸ್ಯರು ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂಗಳದಲ್ಲಿ ಆಡುವ ಮಗು ದೊಡ್ಡ ಮಾತಾಡಿದರೆ ನಗುತ್ತಾರಲ್ಲ, ಹಾಗೆ. ಮ್ಯಾನೇಜರ್ರು ಮಾತ್ರ ಗಂಭೀರವಾಗಿ, "ಅದೆಲ್ಲ ಕೇಳ್ತಾ ಕೂತ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ರಸ್ತೆ ಆಗೂದಿಲ್ಲ" ಎಂದರು. ಆಕೆ ಕೇಳಿದ್ದು ಸರಿ ಎಂದು ನಾನು ಹೇಳಿದೆ. ಹೇಳಿದೆ, ಆದರೂ ಪಾಲು ಕೊಟ್ಟೆ. ಧೂಳು ತಿಂದು ಸಾಕಾಗಿತ್ತು. ಗಿರಣಿಗೆ ಹೊಸ ಮೋಟಾರು ತರಲು ಎತ್ತಿಟ್ಟಿದ್ದು ಅದಕ್ಕೇ ಹೋಯಿತು. ನಮ್ಮದು ಮೂಲೆಮನೆಯಾದ್ದರಿಂದ ಟೇಪು ಹಿಡಿದವರು ಎರಡು ಮಗ್ಗುಲೂ ಅಳೆದರು. "ಮೂಲೆಮನೆಗೆ ಬೆಲೆ ಜಾಸ್ತಿ ಅಲ್ವಾ" ಎಂದು ಸಮಾಧಾನ ಬೇರೆ ಹೇಳಿದರು. ಮನೆ ಮಾರುವವರಿಗೆ ಬೆಲೆ. ಹಿಟ್ಟು ಬೀಸುವವಳಿಗೆ ಏನು?

ಆಕೆ ಕೊಡಲಿಲ್ಲ. ಕಡೆಯ ತನಕ ಕೊಡಲೇ ಇಲ್ಲ.

ಕೆಲಸ ಶುರುವಾದದ್ದು ಮಳೆ ಬಾಗಿಲಿಗೆ ಬಂದಾಗ. ಹಳೆಯ ಮಣ್ಣು ತೆಗೆಯದೆ, ಅದರ ಮೇಲೆಯೇ ಜಲ್ಲಿ ಸುರಿದು, ಅದರ ಮೇಲೆ ಕಾಂಕ್ರೀಟು. ರಸ್ತೆ ಎತ್ತರವಾಯಿತು, ಮನೆಗಳ ಅಂಗಳಗಳು ತಗ್ಗಾದವು. ಗಟಾರಕ್ಕೆಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಆ ಗೆರೆ ಮೊದಲ ಮಳೆಗೆ ತೊಳೆದುಹೋಯಿತು. ಗಟಾರ ಎಂದರೆ ಅಷ್ಟೇ. ಕಾಂಕ್ರೀಟು ತಿರುವು ದಾಟಿ ಕೆಳಗಿಳಿದು, ಡಬ್ಬಿಯವಳ ಮನೆಯ ಬೇಲಿ ಎಲ್ಲಿ ಶುರುವಾಗುತ್ತದೋ ಅಲ್ಲಿ ಕತ್ತರಿಸಿದ ಹಾಗೆ ನಿಂತಿತು. ಅಲ್ಲಿಂದ ಮುಂದೆ ಮೆಟ್ಟಿಲಿನಂತೆ ಇಳಿದು ಹಳೆಯ ಮಣ್ಣು.

ನಾನು ಮ್ಯಾನೇಜರ್ರ ಹತ್ತಿರ ಹೋಗಿ ಕೇಳಿದೆ: "ಯಾಕ್ರೀ, ಅಲ್ಲೇ ಯಾಕ ನಿಲ್ಲಿಸಿದ್ರಿ?"

"ಪಾಲು ಕೊಡದವರ ಮನೆ ಮುಂದೆ ರಸ್ತೆ ಮಾಡಿದ್ರೆ, ಕೊಟ್ಟವರು ನಮ್ಮನ್ನು ಏನಂತಾರೆ? ನಿಯಮ ಅಂದ್ರೆ ನಿಯಮ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಬ್ಯಾಂಕಿನಲ್ಲಿ ಜೀವಮಾನವಿಡೀ ನಿಯಮ ನೋಡಿಕೊಂಡೇ ಬಂದವರು, ನೀರು ಯಾವ ಕಡೆಗೆ ಹರಿಯುತ್ತದೆ ಎಂದು ನೋಡಿರಲಿಲ್ಲ.

ನೀರು ಕೆಳಗೆ ಹರಿಯುತ್ತದೆ. ಮೊದಲು ಮಣ್ಣು ಒಂದಿಷ್ಟು ಕುಡಿಯುತ್ತಿತ್ತು, ಒಂದಿಷ್ಟು ನಮ್ಮ ಮೂಲೆಯಲ್ಲಿ ಎಡಕ್ಕೆ ತಿರುಗಿ ಮನೆಯ ಹಿಂದಿನ ಕಾಲುವೆಗೆ ಬೀಳುತ್ತಿತ್ತು. ಈಗ ಮುಖ್ಯ ರಸ್ತೆಯ ನೀರೂ ಸೇರಿ ಓಣಿಯೇ ಒಂದು ಜಾರುಬಂಡೆಯಾಯಿತು. ಮಳೆ ಹಿಡಿದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಕೆಳಗಿನಿಂದ ಪಾತ್ರೆ ಬೀಳುವ ಸದ್ದು ಕೇಳಿ ಓಡಿದೆ. ಆಕೆಯ ಅಡುಗೆಮನೆಯಲ್ಲಿ ಕೆಂಪು ನೀರು ಕಣಕಾಲು ಮೀರಿತ್ತು. ಅಕ್ಕಿಯ ಚೀಲ ಕೆಳಗಿನಿಂದ ನೆನೆದು ಉಬ್ಬಿತ್ತು. ಗ್ಯಾಸಿನ ಖಾಲಿ ಸಿಲಿಂಡರು ಅಡ್ಡ ಬಿದ್ದು ತೇಲಿದಂತೆ ಅಲುಗಾಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬೆಂದ ಅನ್ನದ ತಪ್ಪಲೆ ಹಿಡಿದುಕೊಂಡು, ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದರು. ಆ ದಿನ ಪೇಟೆಗೆ ಡಬ್ಬಿ ಹೋಗಲಿಲ್ಲ.

ನಾನು ತಪ್ಪಲೆಯ ಒಂದು ಕಿವಿ ಹಿಡಿದೆ. ಆಕೆ ಅಳಲಿಲ್ಲ. "ಅಕ್ಕಾ, ರಸ್ತೆ ನನಗೆ ಬೇಡ ಅಂದಿದ್ದೆ, ರಸ್ತೆಯ ನೀರು ಮಾತ್ರ ನನಗೆ ಕೊಟ್ರಲ್ಲ" ಎಂದಳು. ಅಷ್ಟೇ.

ಅವತ್ತೇ ಮುನ್ಸಿಪಾಲ್ಟಿಗೆ ಹೋದೆ. ಇಂಜಿನಿಯರು ಕುರ್ಚಿಯಲ್ಲಿದ್ದರು. "ಗಟಾರ ಮುಂದಿನ ವರ್ಷದ ಯೋಜನೆಯಲ್ಲಿದೆ" ಎಂದರು. ಮಳೆಗೆ ಮುಂದಿನ ವರ್ಷ ಬಾ ಎಂದು ಹೇಳಿ ಬರಲೇ ಎಂದು ಕೇಳಿದೆ. "ಆ ಮನೆಯವರು ಪಾಲೇ ಕೊಟ್ಟಿಲ್ಲ, ಅವರ ಪರವಾಗಿ ನೀವ್ಯಾಕೆ ಬಂದಿರಿ?" ಎಂದರು. ನನ್ನ ಸಿಟ್ಟು ನೆತ್ತಿಗೇರಿದ್ದು ಆಗ. ಪಾಲು ಕೊಟ್ಟವಳಿಗೆ ಕೇಳುವ ಹಕ್ಕಿದೆ ಎಂದಾಯಿತಲ್ಲ? ಹಾಗಾದರೆ ನಾನೇ ಕೇಳುತ್ತಿದ್ದೇನಲ್ಲ? ಹಾಗೆಂದೇ ಕೇಳಿದೆ. ಫೋನು ಬಂತೆಂದು ಎದ್ದು ಹೋದರು. ಬಹಳ ಹೊತ್ತು ಕಾದೆ. ತಿರುಗಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಮೋಡ ಕವಿಯಿತು. ನನ್ನ ಗಂಡ ಡ್ಯೂಟಿಯ ಮೇಲಿದ್ದರು. ಗಿರಣಿಯ ಸ್ವಿಚ್ಚು ಆರಿಸಿ, ಹಿತ್ತಲಿನಿಂದ ಪಿಕಾಸು ತಂದೆ. ಸೀರೆ ಎತ್ತಿ ಸಿಕ್ಕಿಸಿ, ನಮ್ಮ ಮನೆಯ ಮುಂದೆ, ನಾನು ಪಾಲು ಕೊಟ್ಟ ಜಾಗದಲ್ಲಿ, ರಸ್ತೆಗೆ ಅಡ್ಡಲಾಗಿ ಹೊಡೆಯತೊಡಗಿದೆ. ನೀರನ್ನು ತಿರುವಿನಲ್ಲೇ ಹಿಡಿದು ಎಡಕ್ಕೆ, ಕಾಲುವೆಯ ಕಡೆಗೆ ತಿರುಗಿಸಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಕೈ ನೋಯುತ್ತದೆ, ಮಧ್ಯಾಹ್ನವಾಗುತ್ತದೆ ಎಂದುಕೊಂಡಿದ್ದೆ. ಸ್ವಲ್ಪ ಹೊಡೆದದ್ದಕ್ಕೇ ಹಪ್ಪಳದ ಹಾಗೆ ಚೂರು ಎದ್ದಿತು. ಗೇಣು ದಪ್ಪದ ಕಾಂಕ್ರೀಟು ಎಂದು ಜಗಲಿಯಲ್ಲಿ ಹೇಳಿದ್ದರು. ನನ್ನ ನಾಲ್ಕು ಬೆರಳಿನಷ್ಟೂ ಇರಲಿಲ್ಲ. ಕೆಳಗೆ ಬರಿ ಮಣ್ಣು. ಆ ಚೂರು ಕೈಯಲ್ಲಿ ಹಿಡಿದು ನಾನು ಹಾಗೇ ನಿಂತೆ. ಕೊಟ್ಟ ಪ್ರತಿ ಕಾಸು ಗಿರಣಿಯ ಮುಂದೆ ನಿಂತು ದುಡಿದದ್ದು. ಆಮೇಲೆ ಹೊಡೆದದ್ದು ನೀರಿಗಾಗಿ ಮಾತ್ರ ಅಲ್ಲ.

ಮ್ಯಾನೇಜರ್ರು ಕೊಡೆ ಹಿಡಿದು ಓಡಿ ಬಂದರು. "ತಂಗೀ, ಎಂತ ಮಾಡ್ತಾ ಇದ್ದೀಯ? ಇದು ಸಾರ್ವಜನಿಕ ಆಸ್ತಿ!"

"ನನ್ನ ಪಾಲಿಂದು ಒಡೀತೀನ್ರಿ. ನಿಮ್ಮ ಪಾಲಿಂದು ಮುಟ್ಟಿಲ್ಲ. ಇದನ್ನ ನೋಡ್ರಿ ಮೊದಲ" ಎಂದು ಆ ಚೂರನ್ನು ಅವರ ಕೈಗೆ ಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ ನನಗೇ ಮರಳಿಸಿದರು. ಕೆಳಗಿನಿಂದ ಡಬ್ಬಿಯವಳ ಗಂಡ ಹಾರೆ ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತ. ಮಳೆ ಶುರುವಾಗುವ ಹೊತ್ತಿಗೆ ಕಾಲುವೆಯ ತನಕ ದಾರಿ ಆಗಿತ್ತು. ನೀರು ಬಂತು, ತಿರುವಿನಲ್ಲಿ ಒಂದು ಗಳಿಗೆ ಸುತ್ತಿತು, ಎಡಕ್ಕೆ ಹೋಯಿತು.

ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದೇನೆ, ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು ಎಂದು ನೋಟಿಸು ಬಂತು. ಗಟಾರಕ್ಕೆ ಒಂದು ವರ್ಷ ಬೇಕಂತೆ, ನೋಟಿಸಿಗೆ ಒಂದು ವಾರವೂ ಬೇಕಾಗಲಿಲ್ಲ. ಗಂಡ ಓದಿ, "ಏನ್ ಮಾಡ್ತಿ?" ಎಂದು ಕೇಳಿದರು. ಆ ಚೂರನ್ನು ಚೀಲಕ್ಕೆ ಹಾಕಿಕೊಂಡು ಮುನ್ಸಿಪಾಲ್ಟಿಗೆ ಹೊರಟೆ. ಅವರು ರಜೆ ಹಾಕಿ ಜೊತೆಗೆ ಬಂದರು.

ಮುಖ್ಯಾಧಿಕಾರಿಯ ಮೇಜಿನ ಮೇಲೆ, ಪೇಪರುಗಳ ಪಕ್ಕದಲ್ಲಿ, ಕಾಂಕ್ರೀಟಿನ ಚೂರು ಇಟ್ಟೆ.

"ಇದೇನಿದು?"

"ನಮ್ಮ ರಸ್ತೆ ಸರ್. ಎಷ್ಟು ದಪ್ಪ ಐತಿ ನೋಡ್ರಿ."

"ಗುಣಮಟ್ಟದ ವಿಚಾರ ಬೇರೆ. ನೀವು ಸರ್ಕಾರದ ರಸ್ತೆ ಒಡೆದಿದ್ದೀರಿ."

"ದುಡ್ಡು ಕೊಡೂವಾಗ ನಿಮ್ಮ ರಸ್ತೆ ಅಂದ್ರಿ, ಒಡೆದ ಮ್ಯಾಲೆ ಸರ್ಕಾರದ್ದು ಅಂತೀರಿ. ಸರ್ಕಾರದ್ದು ಆದ್ರ ನನ್ನ ಪಾಲು ವಾಪಸ್ ಕೊಡ್ರಿ, ನಾಳೆನೇ ಸರಿ ಮಾಡಿಸ್ತೀನಿ. ನಂದು ಆದ್ರ ಈ ಕಾಗದ ನೀವೇ ಇಟ್ಕೊಳ್ರಿ."

ನನ್ನ ಧ್ವನಿ ಏರಿತ್ತು. ಹೊರಗಿನ ಗುಮಾಸ್ತರು ಬಾಗಿಲಲ್ಲಿ ಸೇರಿದ್ದರು. ಅಧಿಕಾರಿ ನನ್ನ ಗಂಡನ ಕಡೆ ತಿರುಗಿ, "ನೀವಾದ್ರೂ ಇವರಿಗೆ ತಿಳಿಸಿ ಹೇಳಿ" ಎಂದರು. ಅವರು, "ಆಕಿ ಹೇಳಿದ್ರಾಗ ತಪ್ಪೇನೈತ್ರಿ ಸರ್?" ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನ ಪರವಾಗಿ ಆಡಿದ ಅತಿ ಉದ್ದದ ಮಾತು ಅದು.

ನೋಟಿಸನ್ನು ಹಿಂದಕ್ಕೆ ಪಡೆಯಲಿಲ್ಲ, ಅದರ ಮೇಲೆ ಮುಂದುವರಿಯಲೂ ಇಲ್ಲ. ರಸ್ತೆ ಹಾಕಿದ ಗುತ್ತಿಗೆದಾರನ ಮೇಲೆ ಏನು ಕ್ರಮವಾಯಿತು ಎಂದು ಕೇಳಿದೆ, ವಿಚಾರಣೆ ನಡೆಯುತ್ತಿದೆಯಂತೆ. ಈಗಲೂ ನಡೆಯುತ್ತಿದೆಯಂತೆ.

ಮಳೆ ಮುಗಿದ ಮೇಲೆ ಗಟಾರ ಕಟ್ಟಲು ಬಂದರು. ಎಲ್ಲಿ ಕಟ್ಟಿದರು ಗೊತ್ತೇ? ನಾನು ಒಡೆದ ದಾರಿಯಲ್ಲೇ, ಅದನ್ನೇ ನೇರ ಮಾಡಿ, ಅಂಚು ಕಟ್ಟಿ, ಮೇಲೆ ಕಬ್ಬಿಣದ ಜಾಲರಿ ಹಾಕಿ. ಅದರ ಖರ್ಚಿನಲ್ಲಿ ಅರ್ಧ ಮನೆಯವರು ಕೊಡಬೇಕೆಂದು ಮತ್ತೆ ಹೇಳಿ ಕಳಿಸಿದರು. ಗಟಾರ ಪೂರ್ತಿ ನಮ್ಮದು ಎಂದವರು ಇವರೇ. ಅವತ್ತು ಸಂಜೆ ಮ್ಯಾನೇಜರ್ರು ನಮ್ಮ ಗಿರಣಿಗೆ ಬಂದರು. ಸಿಟ್ಟಿನಲ್ಲಿ ಅವರಿಗೆ ಮನೆಮಾತೇ ಬಂದುಬಿಟ್ಟಿತ್ತು. "ಈ ಸಲ ಆನು ಕೊಡ್ತ್ನಿಲ್ಲೆ. ಒಂದು ಕಾಸೂ ಇಲ್ಲೆ" ಎಂದರು. ಓಣಿಯಲ್ಲಿ ಯಾರೂ ಕೊಡಲಿಲ್ಲ. ಮುನ್ಸಿಪಾಲ್ಟಿ ಸುಮ್ಮನಾಯಿತು. ಅಂದರೆ ಮೊದಲ ಸಲವೂ ಯಾರೂ ಕೊಡದಿದ್ದರೆ ನಡೆಯುತ್ತಿತ್ತೇನೋ. 

ಡಬ್ಬಿಯವಳ ಮನೆಗೆ ಈಗ ನೀರು ನುಗ್ಗುವುದಿಲ್ಲ. ಆದರೆ ಅವಳ ಮನೆಯ ಮುಂದೆ ಇವತ್ತಿಗೂ ಮಣ್ಣು. ಆ ಮೆಟ್ಟಿಲು ಇಳಿದು ಆಟೋ ಹೋಗುವುದಿಲ್ಲ. ಗಂಡ ಹೆಂಡತಿ ಡಬ್ಬಿಯ ಬುಟ್ಟಿಗಳನ್ನು ಹೊತ್ತು ನಮ್ಮ ತಿರುವಿನ ತನಕ ಬರುತ್ತಾರೆ. ಪಾಲು ಕೊಡುತ್ತೇನೆ ಎಂದು ಆಕೆ ಒಂದು ಮಾತು ಹೇಳಿದರೆ ಕೆಲಸ ಆಗುತ್ತದೆ ಎಂದು ಸದಸ್ಯರು ಹೇಳಿಕಳಿಸಿದ್ದಾರಂತೆ. ಆಕೆ ಹೇಳುವುದಿಲ್ಲ. ಹೇಳಬೇಡ ಎಂದು ನಾನೂ ಹೇಳಿದ್ದೇನೆ.

ಮೊನ್ನೆ ಆ ಸದಸ್ಯರೇ ಸ್ಕೂಟರಿನಲ್ಲಿ ಗೋಧಿಯ ಡಬ್ಬ ಇಟ್ಟುಕೊಂಡು ಗಿರಣಿಗೆ ಬಂದರು. ಚುನಾವಣೆ ಹತ್ತಿರ ಬಂದಿದೆ. ರಸ್ತೆಯ ಕಡೆ ಕೈ ತೋರಿಸಿ, "ಓಣಿ ಚೆಂದ ಆಗಿದೆ ಅಲ್ವೇನಕ್ಕಾ?" ಎಂದರು.

"ಕೊನೆತನಕ ನಡಕೊಂಡು ಹೋಗಿ ಬರ್ರಿ. ಬಂದ ಮ್ಯಾಲೆ ಬೀಸ್ತೀನಿ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಗಿರಣಿಯ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದೆ. ಹಿಂದೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಬುಟ್ಟಿ ಮುಂದಕ್ಕೆ ಸರಿಸಿದರು. ಸದಸ್ಯರು ಓಣಿಯ ಕೆಳಗಿನ ಮಣ್ಣನ್ನು ಒಮ್ಮೆ ನೋಡಿದರು, ತಮ್ಮ ಬಿಳಿ ಪ್ಯಾಂಟು ನೋಡಿಕೊಂಡರು, ಡಬ್ಬ ಎತ್ತಿಕೊಂಡು ಸ್ಕೂಟರು ತಿರುಗಿಸಿದರು. ನಾನು ಮುಂದಿನವಳ ಜೋಳ ಸುರಿದುಕೊಂಡೆ.