ಗಂಗಕ್ಕ ತೋರಿಸದ ಗಂಟು

ಮೊನ್ನೆ ಮೊಮ್ಮಗಳ ಮೊಣಕಾಲು ತರಚಿದ್ದಕ್ಕೆ ಸೊಸೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಮಗು ಮುಖ ಕಿವುಚಿತು. ನಾನು ಮಾತ್ರ ಮೂಗರಳಿಸಿ ಕೂತೆ. ನಗಬೇಡಿ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸಾಗಿ ಹರೆಯ ಕಳೆದವಳಿಗೆ ಮಲ್ಲಿಗೆಗಿಂತ ಅದೇ ಹೆಚ್ಚು ಪರಿಚಿತ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಮುಂಬಯಿಯಲ್ಲಿ ಕಲಿತು ಬಂದ ನಮ್ಮ ಡಾಕ್ಟರ ಸಾಹೇಬರು ಕ್ಯಾನ್ಸರ್ ರೋಗಿಗಳಿಗೆಂದೇ ಒಂದು ವಾರ್ಡು ತೆರೆಸಿದ್ದರು. ಸುತ್ತಲ ಜಿಲ್ಲೆಗಳಿಗೆಲ್ಲ ಅದೊಂದೇ. ಬರುವವರು ಚಕ್ಕಡಿಯಲ್ಲಿ ಮಲಗಿ ಬರುತ್ತಿದ್ದರು, ಆಪರೇಷನ್ನಿನ ಹೊತ್ತು ಮೀರಿದ ಮೇಲೆ. ಅದಕ್ಕೇ ಸಾಹೇಬರು ತಾವೇ ಹಳ್ಳಿಗಳಿಗೆ ಹೊರಟರು. ಉಪ್ಪಿನಬೆಟಗೇರಿಯಲ್ಲಿ ಗುಡಿಯ ಕಟ್ಟೆಯ ಮೇಲೆ ನಿಂತು, "ಎದ್ಯಾಗಿನ ಗಂಟು ನೋಯಂಗಿಲ್ಲಂತ ಸುಮ್ನ ಕೂಡಬ್ಯಾಡ್ರಿ ಅವ್ವಾರ, ನೋವು ಇಲ್ದಾಗನ ಬರ್ರಿ" ಎಂದು ಕೈಮುಗಿದರು. ಹಿಂದೆ ನಾನು, ಬಿಳಿ ಸೀರೆಯ ಠೀವಿಯಲ್ಲಿ, ಲೋಕವನ್ನೇ ಉಳಿಸುವವಳಂತೆ. ಹೆಂಗಸರು ಸೆರಗು ಬಿಗಿ ಮಾಡಿಕೊಂಡು ಎದ್ದು ಹೋದರು.

ಸಾಹೇಬರ ಮನೆಯಲ್ಲಿದ್ದವರು ಅವರ ಅಕ್ಕ ಗಂಗಕ್ಕ ಒಬ್ಬರೇ. ತಾಯಿ ಸತ್ತ ಮೇಲೆ ತಮ್ಮನನ್ನು ಕೂಸಿನಿಂದ ಸಾಕಿದವರು. ಅವರ ಕೈಯ ಬಿಸಿ ರೊಟ್ಟಿಯ ಆಸೆಗೆ ಏನಾದರೊಂದು ನೆಪ ಹೂಡಿ ನಾನು ಆ ಮನೆಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಚಟ್ನಿಪುಡಿಯ ಡಬ್ಬಿ ತೆಗೆಯಲು ಗಂಗಕ್ಕನ ಎಡಗೈ ಮೇಲೇಳಲಿಲ್ಲ. ಹತ್ತಿರ ಹೋದೆ. ನಮ್ಮ ವಾರ್ಡಿನ ಹುಣ್ಣಿನ ವಾಸನೆ ಆ ಅಡಿಗೆಮನೆಯಲ್ಲಿತ್ತು.

"ತಮ್ಮಗ ಹೇಳಬ್ಯಾಡವಾ" ಎಂದರು. ಸಂಜೆಯೇ ಹೇಳಿದೆ.

ಎದೆಯ ಗಂಟು ಒಡೆದಿತ್ತು. ನೋಡಿದ ಸಾಹೇಬರು ಅಕ್ಕನ ಮಂಚದ ಬಳಿ ನೆಲದ ಮೇಲೆ ಕೂತುಬಿಟ್ಟರು. "ಊರೂರಾಗ ಹೇಳ್ಕೋತ ತಿರಗತೇನಿ. ನನಗ ನೀ ಯಾಕ ಹೇಳ್ಲಿಲ್ಲ ಅಕ್ಕಾ?"

"ನಿನ್ನ ಎರದು ತೊಟ್ಟಲದಾಗ ಹಾಕಿದಾಕಿ ನಾನು. ನಿನ್ನ ಮುಂದ ಸೆರಗ ಹೆಂಗ ಸರಸ್ಲೋ ತಮ್ಮಾ?"

ಸುಗ್ಗಿ ಮುಗಿಯುವುದರೊಳಗೆ ಗಂಗಕ್ಕ ತೀರಿಕೊಂಡರು.

ಆಮೇಲೆ ಸಾಹೇಬರು ಗಂಟು ಗುರುತಿಸುವುದನ್ನು ನನ್ನ ಬೆರಳಿಗೆ ಕಲಿಸಿದರು. ವಾರ್ಡಿನ ಪರದೆಯೊಳಗೆ ನಾನು ಹೆಂಗಸರನ್ನು ಮುಟ್ಟಿ ನೋಡಿ ಹೇಳುತ್ತಿದ್ದೆ. ಹೊರಗೆ ಅವರು ಬೆನ್ನು ತಿರುಗಿಸಿ ನಿಂತು ಕೇಳುತ್ತಿದ್ದರು. ಆದರೂ ಬರುವವರು ತಡವಾಗಿಯೇ ಬಂದರು. ಮುಂಬಯಿಯಿಂದ ತರಿಸಬೇಕೆಂದಿದ್ದ, ಗಂಟು ಸುಡುವ ರೇಡಿಯಂ ಯುದ್ಧದ ಗದ್ದಲದಲ್ಲಿ ಬರಲೇ ಇಲ್ಲ. ಮತ್ತೆ ಹಳ್ಳಿಗಳಿಗೆ ಹೋಗೋಣವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ನನ್ನ ಮನ್ಯಾಗನ ಕೇಳ್ಲಿಲ್ಲ, ಇನ್ನ್ಯಾರಿಗೆ ಹೇಳ್ಲಿ?" ಎಂದರು. ಸಾಯುವವರೆಗೂ ವಾರ್ಡು ನಡೆಸಿದರು. ಅಲ್ಲಿಂದ ವಾಸಿಯಾಗಿ ನಡೆದುಹೋದವರನ್ನು ನೆನೆಯಲು ಹೋದರೆ ನನಗೆ ಒಂದು ಮುಖವೂ ಬರುವುದಿಲ್ಲ.

ಗಂಗಕ್ಕನ ಮೇಲೆ ಇಷ್ಟು ವರ್ಷ ನನಗೆ ಸಿಟ್ಟಿತ್ತು. ಮೊದಲೇ ಒಂದು ಮಾತು ಆಡಿದ್ದರೆ ಏನು ಹೋಗುತ್ತಿತ್ತು?

ನಿನ್ನೆ ಬಚ್ಚಲಲ್ಲಿ ಕೈ ಬೆನ್ನಿಗೆ ನಿಲುಕದೆ ಒದ್ದಾಡುತ್ತಿದ್ದೆ. ಹೊರಗಿನಿಂದ ಸೊಸೆ, "ಬೆನ್ನ ತಿಕ್ಕಲೇನ್ರಿ ಅತ್ತಿ?" ಎಂದಳು. ಅರಿವಿಲ್ಲದೆ ಒದ್ದೆ ಸೀರೆಯನ್ನು ಎದೆಗೆ ಎಳೆದುಕೊಂಡೆ. ಎಷ್ಟೋ ಹೆಂಗಸರ ಸೆರಗು ಸರಿಸಿದ ಕೈ ಅದು.

"ಬ್ಯಾಡವಾ" ಎಂದೆ. ಚಿಲಕ ಹಾಕಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದೆ. ನೀರು ತಣ್ಣಗಾಗುವವರೆಗೆ ಅಲ್ಲೇ ಕೂತಿದ್ದೆ. ಗಂಗಕ್ಕನ ಮೇಲೆ ಸಿಟ್ಟಾಗಲು ಇನ್ನು ನನ್ನಿಂದಾಗದು.